ಸೋತವನ ಅರಮನೆಯಲ್ಲಿ ಗೆದ್ದವನಿಗೆ ನಿದ್ದೆ ಬರುವುದಿಲ್ಲ

(ಶಿವಮೊಗ್ಗದ ಒಂದು ಸಣ್ಣ ಸಭಾಂಗಣದಲ್ಲಿ ಆಷಾಢದ ಸಂಜೆ ಆಡಿದ ಮಾತುಗಳ ಬರಹ ರೂಪ. ಶೀಟಿನ ಮಾಡಿನ ಮೇಲೆ ಮಳೆ ಹೊಡೆಯುತ್ತಿದ್ದುದರಿಂದ ಹಿಂದಿನ ಸಾಲಿನವರಿಗೆ ಅರ್ಧಕ್ಕರ್ಧ ಕೇಳಿಸಲಿಲ್ಲವಂತೆ. ಅವರಿಗಾಗಿ ಬರೆದುಕೊಟ್ಟಿದ್ದೇನೆ. ಮಾತಿನ ಭರದಲ್ಲಿ ಹಿಂದುಮುಂದಾಗಿದ್ದನ್ನು ಅಲ್ಲಲ್ಲಿ ಸರಿಮಾಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮೊದಲೇ ಹೇಳಿಬಿಡುತ್ತೇನೆ, ನಾನು ಸಂಶೋಧಕನಲ್ಲ. ಮೂವತ್ತು ವರ್ಷ ಹೈಸ್ಕೂಲು ಮಕ್ಕಳಿಗೆ ಸಮಾಜ ಪಾಠ ಹೇಳಿದ ಮೇಷ್ಟ್ರು. ಇವತ್ತಿನ ಪ್ರಶ್ನೆಯೂ ನನ್ನದಲ್ಲ, ಎಂಟನೇ ಕ್ಲಾಸಿನ ಒಬ್ಬ ಹುಡುಗಿಯದು. ಮಕ್ಕಳನ್ನು ಹೊಸನಗರ ತಾಲ್ಲೂಕಿನ ನಗರದ ಕೋಟೆಗೆ ಪ್ರವಾಸ ಕರೆದುಕೊಂಡು ಹೋಗಿದ್ದೆ. ಹೈದರಾಲಿ 1763ರಲ್ಲಿ ಬಿದನೂರನ್ನು ಹಿಡಿದ, ಊರಿಗೆ ಹೈದರ್ ನಗರ ಅಂತ ಹೆಸರಿಟ್ಟ, ಹೊಸ ಅರಮನೆಯ ಕೆಲಸ ಶುರುಮಾಡಿಸಿದ ಅಂತ ರಾಗವಾಗಿ ಹೇಳುತ್ತಿದ್ದೆ. ಆ ಹುಡುಗಿ ಎದ್ದು, 'ಸಾರ್, ಗೆದ್ದ ಮೇಲೆ ಇದ್ದ ಅರಮನೆಯಲ್ಲೇ ಇರಬಹುದಿತ್ತಲ್ಲ, ಮತ್ತೆ ಯಾಕೆ ಕಟ್ಟೋದು?' ಅಂದಳು.

'ದೊಡ್ಡಸ್ತಿಕೆ ತೋರಿಸೋಕೆ ಕಣಮ್ಮ' ಅಂದೆ. ಅವಳು ಕೂತಳು. ಆದರೆ ಅವಳ ಮುಖ ನೋಡಿದರೆ ಉತ್ತರ ಹಿಡಿಸಿರಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಹಿಡಿಸಿರಲಿಲ್ಲ. ದೊಡ್ಡಸ್ತಿಕೆ ಎಲ್ಲ ರಾಜರಿಗೂ ಇತ್ತು. ಹಾಗಿದ್ದರೆ ಗೆದ್ದದ್ದನ್ನೆಲ್ಲ ಬದಲಾಯಿಸಬೇಕಿತ್ತು. ಅವರು ಹಾಗೆ ಮಾಡಲಿಲ್ಲ. ಕೆಲವನ್ನು ಕಣ್ಣಿಗೆ ಒತ್ತಿಕೊಂಡು ಇಟ್ಟುಕೊಂಡರು, ಕೆಲವನ್ನು ಮುಟ್ಟಲೂ ಇಲ್ಲ. ಯಾವುದನ್ನು ಇಟ್ಟುಕೊಂಡರು, ಯಾವುದನ್ನು ಬಿಟ್ಟರು ಅನ್ನುವುದರಲ್ಲೇ ಅವಳ ಪ್ರಶ್ನೆಗೆ ಉತ್ತರ ಇದೆ ಅಂತ ನನಗೆ ಹೊಳೆಯುವ ಹೊತ್ತಿಗೆ ಅವಳ ಮದುವೆಯೂ ಆಗಿಹೋಗಿತ್ತು.

ಮೊದಲು ನಾಣ್ಯ ನೋಡಿ. ಹೈದರನಿಗೆ ಮೊದಲು ಬಿದನೂರನ್ನು ಆಳುತ್ತಿದ್ದ ಕೆಳದಿ ಅರಸರ ಇಕ್ಕೇರಿ ವರಹ ಅಂತ ಚಿನ್ನದ ನಾಣ್ಯ ಇತ್ತು. ಒಂದು ಬದಿಗೆ ಶಿವಪಾರ್ವತಿಯರು ಜೋಡಿಯಾಗಿ ಕುಳಿತಿದ್ದಾರೆ, ಇನ್ನೊಂದು ಬದಿಗೆ ನಾಗರಿ ಲಿಪಿಯಲ್ಲಿ 'ಶ್ರೀ ಸದಾಶಿವ'. ರಾಜಧಾನಿ ಇಕ್ಕೇರಿಯಿಂದ ಬಿದನೂರಿಗೆ ಹೋಗಿ, ಟಂಕಸಾಲೆಯೂ ಅಲ್ಲಿಗೇ ಹೋದಮೇಲೂ ವ್ಯಾಪಾರಿಗಳ ಬಾಯಲ್ಲಿ ಅದು ಇಕ್ಕೇರಿ ವರಹವೇ. ಹೈದರ್ ಬಂದ. ಅವನು ಹೊರಡಿಸಿದ ವರಹದಲ್ಲಿ ಶಿವಪಾರ್ವತಿಯರು ಕೂತಲ್ಲಿಂದ ಕದಲಲಿಲ್ಲ. ಹಿಂಬದಿಯ ಬರಹ ಮಾತ್ರ ಹೋಗಿ ಅವನ ಹೆಸರಿನ ಮೊದಲ ಪಾರಸಿ ಅಕ್ಷರ ಬಂತು, ಅದೊಂದೇ ಅಕ್ಷರ. ಮಂಗಳೂರಿನ ಅಕ್ಕಿ ವ್ಯಾಪಾರಿ, ಸಾಗರದ ಅಡಿಕೆ ಸಾಹುಕಾರ ನಾಣ್ಯವನ್ನು ಬೆರಳಲ್ಲಿ ತಿರುಗಿಸಿ ಮುಖ ನೋಡಿ ನಂಬುತ್ತಿದ್ದರು. ಆ ನಂಬಿಕೆಯನ್ನು ಕೆಡಿಸುವಷ್ಟು ದಡ್ಡ ಅವನಲ್ಲ. ಟಿಪ್ಪು ಆ ಚಿತ್ರ ಬಿಟ್ಟ. ಅವನ ನಂತರ ಮೂರನೇ ಕೃಷ್ಣರಾಜ ಒಡೆಯರ ವರಹದಲ್ಲಿ ಮತ್ತೆ ಅದೇ ಶಿವಪಾರ್ವತಿಯರು ಬಂದು ಕೂತರು.

ಇನ್ನೊಂದು, ಕೆಳದಿಯ ಅರಸ ಶಿವಪ್ಪನಾಯಕನ ಶಿಸ್ತು. ಇಲ್ಲಿ ಕುಳಿತಿರುವ ರೈತರ ಮನೆಯ ಹಳೇ ಕಾಗದಪತ್ರದಲ್ಲಿ ಈ ಪದ ಈಗಲೂ ಸಿಕ್ಕೀತು. ಭೂಮಿಯ ಗುಣ ನೋಡಿ, ಬೆಳೆ ಎಷ್ಟು ಬರುತ್ತದೆ ಅಂತ ಪರೀಕ್ಷಿಸಿ, ಉತ್ಪತ್ತಿಯ ಮೂರರಲ್ಲೊಂದು ಪಾಲು ಸರ್ಕಾರಕ್ಕೆ ಅಂತ ಕಟ್ಟಿದ ಕಂದಾಯ. ಕೆಳದಿ ಮನೆತನ ಹೋದಮೇಲೂ ನಗರ ಸೀಮೆಯ ಕಂದಾಯಕ್ಕೆ ಬುಡ ಆ ಶಿಸ್ತೇ. ಅದರ ಮೇಲೆ ಬಂದವರೆಲ್ಲ ಒಂದಿಷ್ಟು ಪಟ್ಟಿ ಹೇರಿದರು, ಅದು ಬೇರೆ ಮಾತು. ಶಿಸ್ತು ಉಳಿಯಿತು ಅಂದರೆ ಶಾನುಭೋಗರೂ ಉಳಿದರು ಅಂತ ಲೆಕ್ಕ. ಕಡತ ಓದುವವರನ್ನು ಓಡಿಸಿದರೆ ಕಡತ ಹಿಡಿದು ಏನು ಮಾಡುತ್ತೀರಿ?

ನಾಣ್ಯ ಬೇಕು, ಶಿಸ್ತು ಬೇಕು, ಶಾನುಭೋಗ ಬೇಕು. ಅರಮನೆ ಬೇಡ. ಇದೇ ವಿಚಿತ್ರ.

ನಮ್ಮ ಕಡೆಯ ಒಂದು ಮನೆಯ ಕಥೆ ಹೇಳಿದರೆ ಈ ವಿಚಿತ್ರ ಸ್ವಲ್ಪ ಬಿಡಿಸಿಕೊಳ್ಳುತ್ತದೆ. ನನ್ನ ಸ್ನೇಹಿತರೊಬ್ಬರು ತೀರ್ಥಹಳ್ಳಿ ಕಡೆ ಹಳೇ ತೊಟ್ಟಿ ಮನೆ ಕೊಂಡರು, ತೋಟದ ಸಮೇತ. ದುಡ್ಡು ಕೊಟ್ಟು, ರಿಜಿಸ್ಟ್ರಿ ಮಾಡಿಸಿ, ಗೃಹಪ್ರವೇಶ ಮಾಡಿ ಒಳಗೆ ಹೋದರು. ಇಪ್ಪತ್ತು ವರ್ಷ ಕಳೆದರೂ ಊರಿನವರ ಬಾಯಲ್ಲಿ ಅದು 'ಜೋಯಿಸರ ಮನೆ'. ಇವರ ಮಗನ ಮದುವೆಗೆ ಬಂದವರು 'ಜೋಯಿಸರ ಮನೆಯಲ್ಲಿ ಊಟ ಭಾರೀ ಚಲೋ ಇತ್ತು' ಅಂದುಕೊಂಡು ಹೋದರು. ಅದನ್ನಾದರೂ ಸಹಿಸಬಹುದು. ಮನೆಯ ಜೊತೆಗೇ ಬಂದ ಆಳೊಬ್ಬನಿದ್ದ. ಅಟ್ಟದಲ್ಲಿ ಯಾವ ಹಲಗೆ ಲಡ್ಡು, ಮಾಡಿನ ಯಾವ ಮೂಲೆ ಜಡಿಮಳೆಗೆ ಸೋರುತ್ತದೆ, ಹಿತ್ತಿಲ ಬಾಗಿಲ ಅಗಳಿಯನ್ನು ಹೊರಗಿನಿಂದ ಕಡ್ಡಿ ಹಾಕಿ ಎತ್ತುವುದು ಹೇಗೆ, ಎಲ್ಲ ಅವನಿಗೆ ಗೊತ್ತು, ಯಜಮಾನರಿಗೆ ಗೊತ್ತಿಲ್ಲ. ಅಡುಗೆಮನೆಗೆ ಬಂದ ಹೆಂಗಸರು ಇವರ ಹೆಂಡತಿಗೆ 'ಅಮ್ಮ ಭರಣಿ ಇಡ್ತಿದ್ದದ್ದು ಆ ಮೂಲೇಲಿ' ಅಂತ ತೋರಿಸಿಕೊಡುವರು. ಅಮ್ಮ ಅಂದರೆ ಜೋಯಿಸರ ಹೆಂಡತಿ! ಕೊನೆಗೆ ಒಂದು ದಿನ ಆ ಚಂದದ ಮನೆ ಕೆಡವಿ ಆರ್‌ಸಿಸಿ ಮನೆ ಕಟ್ಟಿಸಿದರು. ನಾನು ಬೈದೆ. ಅವರು, 'ಮಾರಾಯ, ಇಪ್ಪತ್ತು ವರ್ಷ ನೆಂಟನ ಹಾಗೆ ಇದ್ದೆ' ಅಂದರು.

ಈಗ ಬಿದನೂರಿಗೆ ಬನ್ನಿ. ಹೈದರನ ಸೈನ್ಯ ಒಳನುಗ್ಗಿದಾಗ ರಾಣಿ ವೀರಮ್ಮಾಜಿ ಅರಮನೆಗೆ ಬೆಂಕಿ ಇಡಲು ಹೇಳಿ ಬಲ್ಲಾಳರಾಯನ ದುರ್ಗಕ್ಕೆ ಹೊರಟಿದ್ದಳು. ಹೈದರ್ ಬಂದವನು ಮೊದಲು ಮಾಡಿಸಿದ ಕೆಲಸ ಬೆಂಕಿ ಆರಿಸಿದ್ದು. ಮನೆಯ ಮೇಲಿನ ಪ್ರೀತಿಯಿಂದಲ್ಲ, ಒಳಗಿನ ಭಂಡಾರಕ್ಕಾಗಿ. ಅಲ್ಲಿ ಸಿಕ್ಕಿದ ಕೊಳ್ಳೆ 1 ಕೋಟಿ 20 ಲಕ್ಷ ಪೌಂಡು ಬೆಲೆಯದ್ದು ಅಂತ ವಿಲ್ಕ್ಸ್ ಎಂಬ ಇಂಗ್ಲಿಷ್ ಅಧಿಕಾರಿ ಬರೆದ. ಅದು ಉಬ್ಬಿಸಿದ ಲೆಕ್ಕ ಅನ್ನುವವರಿದ್ದಾರೆ, ನನಗೂ ಹಾಗೇ ಅನ್ನಿಸುತ್ತದೆ. ಆದರೆ ಬಿದನೂರೇ ತನ್ನ ಏಳಿಗೆಗೆ ಬುನಾದಿ ಅಂತ ಹೈದರ್ ಹೇಳಿಕೊಳ್ಳುತ್ತಿದ್ದನಂತೆ, ಆದ್ದರಿಂದ ಸಣ್ಣ ಗಂಟೇನೂ ಅಲ್ಲ.

ಆಮೇಲೆ ನಡೆದದ್ದು ಮುಖ್ಯ. ರಾಣಿಯ ಹಳೇ ಮಂತ್ರಿಗಳು, ಅಧಿಕಾರಿಗಳನ್ನು ಹೈದರ್ ಕೆಲಸದಲ್ಲೇ ಇಟ್ಟುಕೊಂಡ, ಶಾನುಭೋಗರನ್ನು ಇಟ್ಟುಕೊಂಡ ಹಾಗೆಯೇ. ಅವನು ಮಲೆನಾಡಿನ ಜ್ವರ ಹಿಡಿದು ಮಲಗಿದ್ದ. ಅದೇ ಹೊತ್ತಿನಲ್ಲಿ ಆ ಹಳಬರಲ್ಲಿ ಕೆಲವರು ಸೇರಿ ಅವನನ್ನು ಕೊಲ್ಲುವ ಸಂಚು ಹೂಡಿದರು. ಸಂಚು ಬಯಲಾಯಿತು. ಸಂಜೆಯಾಗುವುದರೊಳಗೆ ಮುನ್ನೂರರಷ್ಟು ಜನರನ್ನು ನೇಣಿಗೆ ಹಾಕಿಸಿದ ಅಂತ ಅದೇ ವಿಲ್ಕ್ಸ್ ಬರೆಯುತ್ತಾನೆ. ಈ ಅಂಕಿಯನ್ನೂ ಒಂದು ಹಿಡಿ ಉಪ್ಪು ಹಾಕಿಯೇ ತಿನ್ನಿ. ಆದರೆ ಜ್ವರ ಬಂದು ಮಲಗಿದ ಮನುಷ್ಯನ ಕಣ್ಣಿನಿಂದ ನೋಡಿ. ಕಷಾಯ ತಂದು ಕೊಡುವವನು ಯಾರ ಕಡೆಯವನು? ದೀಪ ಹಚ್ಚಲು ಬಂದವನು ಎಷ್ಟು ಬಾಗಿಲು ದಾಟಿ ಬಂದ? ನನಗೆ ಗೊತ್ತಿಲ್ಲದ ಬಾಗಿಲು ಈ ಮನೆಯಲ್ಲಿ ಎಷ್ಟಿವೆ? ನನ್ನ ಸ್ನೇಹಿತನಿಗೆ ಹಿತ್ತಿಲ ಅಗಳಿಯ ಚಿಂತೆ, ಇವನಿಗೆ ಪ್ರಾಣದ ಚಿಂತೆ. ವ್ಯತ್ಯಾಸ ಅಷ್ಟೆ.

ಅರಮನೆಯನ್ನು ನಾವು ದೊಡ್ಡ ಮನೆ ಅಂದುಕೊಂಡಿದ್ದೇವೆ. ಅದು ಒಬ್ಬನ ಮೈ ಅಳತೆಗೆ ಹೊಲಿದ ಅಂಗಿ. ಯಾರು ಯಾವ ಮೆಟ್ಟಿಲವರೆಗೆ ಬರಬಹುದು, ಯಾರು ನಿಲ್ಲಬೇಕು, ಯಾರು ಕೂರಬಹುದು, ಯಾರು ಹೇಳಿಕಳಿಸದೆ ಒಳಗೆ ಬರಬಹುದು, ಎಲ್ಲವನ್ನೂ ಕಲ್ಲು ಮರದಲ್ಲಿ ಬರೆದಿಟ್ಟಿರುತ್ತಾರೆ. ಅದನ್ನು ಚೆನ್ನಾಗಿ ಓದಬಲ್ಲವರು ಸೋತವನ ಕಡೆಯವರು. ಗೆದ್ದವನು ಅಲ್ಲಿ ಕಾಲಿಟ್ಟರೆ ಅವನೇ ಹೊಸಬ. ನಾಣ್ಯ ಹಾಗಲ್ಲ, ಅದು ಕೈಯಿಂದ ಕೈಗೆ ಹೋಗಲಿಕ್ಕೆಂದೇ ಹುಟ್ಟಿದ್ದು. ಶಿಸ್ತೂ ಹಾಗೆಯೇ, ಯಾರು ಕೂತರೂ ಲೆಕ್ಕ ಒಂದೇ.

ಇಷ್ಟು ಹೇಳಿ ಮುಗಿಸಬಹುದಿತ್ತು. ಆದರೆ ಮಲೆನಾಡಿನಲ್ಲಿ ಕೂತು ಮರದ ವಿಷಯ ಬಿಟ್ಟರೆ ನೀವೇ ಬೈಯುತ್ತೀರಿ.

ಹೊಸ ಅರಮನೆ ಅಂದಾಗ ಹಳೇದೊಂದು ಗಟ್ಟಿಮುಟ್ಟಾಗಿ ನಿಂತಿತ್ತು ಅಂತ ನಾವು ಊಹಿಸಿಕೊಳ್ಳುತ್ತೇವೆ. ಎಲ್ಲಿತ್ತು? ಕೆಳದಿಯಲ್ಲಿ ರಾಮೇಶ್ವರ ದೇವಸ್ಥಾನ ಇದೆ, ಅರಮನೆ ಇಲ್ಲ. ಇಕ್ಕೇರಿಯಲ್ಲಿ ಅಘೋರೇಶ್ವರ ನಿಂತಿದ್ದಾನೆ, ಸುತ್ತ ಗದ್ದೆ, ತೋಟ. 1623ರಲ್ಲಿ ವೆಂಕಟಪ್ಪನಾಯಕನ ಆಸ್ಥಾನಕ್ಕೆ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲ ವಲ್ಲೆ ಬಂದಾಗ ಅದು ರಾಜಧಾನಿ. 1801ರಲ್ಲಿ ಕಂಪನಿ ಸರ್ಕಾರದ ಪರವಾಗಿ ಸೀಮೆ ನೋಡುತ್ತ ಫ್ರಾನ್ಸಿಸ್ ಬುಕಾನನ್ ಬರುವ ಹೊತ್ತಿಗೆ ಅಲ್ಲಿನ ಅರಮನೆಯ ಬಗ್ಗೆ ಹೇಳಲಿಕ್ಕಿದ್ದದ್ದು ಇಷ್ಟೇ: ಮಣ್ಣು ಮತ್ತು ಮರದ್ದು, ಕೆತ್ತನೆ, ಬಣ್ಣ, ಗಿಲೀಟು ಇತ್ತು. ದೇವರಿಗೆ ಕಲ್ಲು, ರಾಜನಿಗೆ ಮಣ್ಣು ಮರ. ಹಂಪಿಯಲ್ಲೂ ಅದೇ ಕಥೆ. 1565ರ ನಂತರ ಅಲ್ಲಿ ಉಳಿದ ಅರಮನೆಗಳೆಲ್ಲ ಬರೀ ಕಲ್ಲಿನ ಜಗತಿ, ಮೇಲಿದ್ದ ಮರ ಉರಿದುಹೋಯಿತು. ನಮ್ಮಲ್ಲಿ ಬೆಂಕಿಯೂ ಬೇಕಾಗಿಲ್ಲ. ಎರಡು ಮಳೆಗಾಲ ಹೆಂಚು ಕೈಯಾಡಿಸದೆ ಬಿಡಿ, ಮೂರನೇ ಮಳೆಗಾಲಕ್ಕೆ ಪಕಾಸಿ ಕುಂಬು, ನಾಲ್ಕಕ್ಕೆ ತೊಲೆಯಲ್ಲಿ ಒರಲೆ. ಒಲೆಯ ಹೊಗೆ ಆಡದ ಮನೆ ಮಲೆನಾಡಿನಲ್ಲಿ ಉಳಿಯುವುದಿಲ್ಲ. ಯುದ್ಧ ಮುಗಿದು, ಕಪ್ಪಕಾಣಿಕೆಯ ಮಾತಾಗಿ, ಗೆದ್ದವನು ಬಂದು ಇಳಿಯುವಷ್ಟರಲ್ಲಿ ಆ ಮನೆ ಅರ್ಧ ಮಣ್ಣಾಗಿರುತ್ತದೆ.

ಇನ್ನೊಂದು ಮಾತು. ಮರದ ಮನೆ ಇಡಿಯಾಗಿ ಉಪಯೋಗಕ್ಕೆ ಬರದಿದ್ದರೂ ಬಿಡಿಬಿಡಿಯಾಗಿ ಬರುತ್ತದೆ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿಯಿತು. ಮುಳುಗಡೆಗೆ ಸಿಕ್ಕ ಶರಾವತಿ ಕಣಿವೆಯವರಲ್ಲಿ ನಮ್ಮ ಅಜ್ಜನೂ ಒಬ್ಬರು. ಅವರು ಮನೆ ಬಿಚ್ಚಿದ್ದನ್ನು ನಾನು ನೋಡಿದ್ದೇನೆ, ಆಗ ಸಣ್ಣ ಹುಡುಗ. ಮೊದಲು ಹೆಂಚು ಇಳಿಸಿದರು, ಆಮೇಲೆ ರೀಪು, ಪಕಾಸಿ, ತೊಲೆ. ಕೊನೆಗೆ ಜಗಲಿಯ ನಾಲ್ಕು ಮುಂಡಿಗೆ ಕಂಬ ಮತ್ತು ಬಾಗಿಲ ದಾರಂದ. ದಾರಂದಕ್ಕೆ ಅರಿಶಿನ ಕುಂಕುಮ ಹಚ್ಚಿ ಕೈಮುಗಿದು ಕಿತ್ತರು. ಲಾರಿಯಲ್ಲಿ ಹೊಸ ಊರಿಗೆ ಬಂತು. ಹೊಸ ಮನೆಯ ಮಾಡು ತಗ್ಗು, ಮುಂಡಿಗೆ ಉದ್ದ. ಬಡಗಿ ಒಂದೊಂದು ಮೊಳ ಕೊಯ್ದು ಹಾಕಿದ. ಒಂದು ಮುಂಡಿಗೆಯ ಮೇಲೆ ಅಡಿಕೆ ಮೂಟೆ ಎಣಿಸಲು ಎಳೆದ ಸುಣ್ಣದ ಗೆರೆಗಳಿದ್ದವು, ಐದೈದರ ಕಟ್ಟು. ಕೊಯ್ದ ಜಾಗದಲ್ಲಿ ಒಂದು ಕಟ್ಟು ಅರ್ಧಕ್ಕೆ ತುಂಡಾಗಿ ಮೂರೇ ಗೆರೆ ಉಳಿಯಿತು. ಅಜ್ಜ ಅದರ ಪಕ್ಕದಲ್ಲೇ ಕೂತು ಎಲೆ ಹಾಕುತ್ತಿದ್ದರು.

ರಾಜರೂ ಅದನ್ನೇ ಮಾಡಿದರು, ಅರಿಶಿನ ಕುಂಕುಮ ಬಿಟ್ಟು. ಟಿಪ್ಪು ಮೈಸೂರಿನ ಹಳೇ ಕೋಟೆ ಕೀಳಿಸಿ ಆ ಕಲ್ಲಿನಲ್ಲಿ ಪಕ್ಕದಲ್ಲೇ ನಜರಾಬಾದ್ ಕಟ್ಟಿಸತೊಡಗಿದ. 1799ರಲ್ಲಿ ಅವನು ಮಡಿದ. ಅದೇ ಕಲ್ಲು ಮತ್ತೆ ಹಳೇ ಜಾಗಕ್ಕೆ ವಾಪಸು ಬಂತು. ಬಾಲಕ ಕೃಷ್ಣರಾಜ ಒಡೆಯರಿಗೆ ಪಟ್ಟ ಕಟ್ಟುವಾಗ ಮೈಸೂರಿನಲ್ಲಿ ಅರಮನೆಯೇ ಇರಲಿಲ್ಲ, ಚಪ್ಪರ ಹಾಕಿ ಪಟ್ಟ ಕಟ್ಟಿದರು. ಇತ್ತ ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಅರಮನೆ ಲಾಲ್ ಮಹಲನ್ನು ಇಂಗ್ಲಿಷರು ಬಿಚ್ಚಿಸಿದರು. ಅದರ ತೊಲೆಗಳು ನೀಲಗಿರಿ ಹತ್ತಿ, 1829ರಲ್ಲಿ ಅಡಿಪಾಯ ಹಾಕಿದ ಊಟಿಯ ಸೇಂಟ್ ಸ್ಟೀಫನ್ಸ್ ಚರ್ಚಿನ ಮಾಡು ಹೊತ್ತು ನಿಂತಿವೆ. ಅಲ್ಲಿ ಕೂತು ತಲೆ ಎತ್ತಿ ನೋಡಿದವರಿಗೆ ಅದು ಬರೀ ಒಳ್ಳೇ ಸಾಗುವಾನಿ. ಮರಕ್ಕೆ ಯಜಮಾನನ ನೆನಪು ಇರುವುದಿಲ್ಲ, ಮನೆಗೆ ಇರುತ್ತದೆ. ಅದಕ್ಕೇ ಮನೆ ಕೆಡವಿ ಮರ ಇಟ್ಟುಕೊಳ್ಳುವುದು.

ಹಳೇ ಅರಮನೆಯಲ್ಲೇ ಆರಾಮಾಗಿ ಇದ್ದ ಗೆದ್ದವರೂ ಇದ್ದಾರಲ್ಲ ಅಂತ ಕೇಳುತ್ತೀರಿ. ಇದ್ದಾರೆ. ಶ್ರೀರಂಗಪಟ್ಟಣ ಬಿದ್ದಮೇಲೆ ಇಂಗ್ಲಿಷ್ ಸೇನಾಧಿಕಾರಿ ಆರ್ಥರ್ ವೆಲ್ಲೆಸ್ಲಿ ಟಿಪ್ಪುವಿನ ಬೇಸಿಗೆ ಅರಮನೆ ದರಿಯಾ ದೌಲತ್‌ನಲ್ಲೇ ಬಿಡಾರ ಹೂಡಿದ. ಅವನಿಗೆ ಅದು ಒಳ್ಳೇ ಗಾಳಿ ಬೆಳಕಿನ ಬಂಗಲೆ, ವರ್ಗವಾಗುವವರೆಗಿನ ಕ್ವಾರ್ಟರ್ಸು. ಇಲ್ಲಿ ಸರ್ಕಾರಿ ನೌಕರಿ ಮಾಡಿದವರಿಗೆ ಹೇಳಿಕೊಡಬೇಕಾಗಿಲ್ಲ, ಕ್ವಾರ್ಟರ್ಸಿನ ಗೋಡೆಗೆ ನಾವು ಬಣ್ಣ ಹೊಡೆಸುವುದಿಲ್ಲ.

ಚೀನಾದ್ದು ಇನ್ನೂ ಸ್ವಾರಸ್ಯ. 1644ರಲ್ಲಿ ಲಿ ಝಿಚೆಂಗ್ ಎಂಬ ದಂಗೆಕೋರ ಬೀಜಿಂಗ್ ಹಿಡಿದ, ಮಿಂಗ್ ವಂಶದ ಕೊನೆಯ ಚಕ್ರವರ್ತಿ ನೇಣು ಹಾಕಿಕೊಂಡ. ಕೆಲವೇ ವಾರಗಳಲ್ಲಿ ಉತ್ತರದಿಂದ ಮಂಚು ಸೈನ್ಯ ಬಂತು. ಲಿ ಅರಮನೆಗೆ ಬೆಂಕಿ ಇಟ್ಟು ಓಡಿದ. ಮಂಚುಗಳು ಸುಟ್ಟ ಅರಮನೆಯನ್ನೇ ರಿಪೇರಿ ಮಾಡಿಸಿ, ಸಭಾಂಗಣಗಳ ಹೆಸರು ಬದಲಿಸಿ, ಅದರಲ್ಲೇ 1911ರ ಕ್ರಾಂತಿಯವರೆಗೆ ಆಳಿದರು. ಯಾಕೆ? ಅವರು ತಾವು ಗೆದ್ದವರು ಅಂತ ಹೇಳಿಕೊಳ್ಳಲಿಲ್ಲ. ನಿಮ್ಮ ರಾಜನ ಸಾವಿಗೆ ಸೇಡು ತೀರಿಸಲು ಬಂದವರು, ಮುಂದಿನ ವಾರಸುದಾರರು ಅಂತ ಹೇಳಿಕೊಂಡರು. ವಾರಸುದಾರ ಬೇರೆ ಮನೆ ಕಟ್ಟಿದರೆ ಊರು ನಂಬುತ್ತದೆಯೇ? ಅಪ್ಪನ ಮನೆಯಲ್ಲೇ ಇರಬೇಕು, ಸೋರಿದರೂ ಸರಿ.

ನಮ್ಮಲ್ಲೂ ವಾರಸುದಾರ ಅಂದುಕೊಂಡು ಬಂದವನೊಬ್ಬನಿದ್ದ. 1830ರ ನಗರದ ರೈತ ದಂಗೆಯ ಕಾಲದಲ್ಲಿ ಬೂದಿ ಬಸಪ್ಪ ಎಂಬವನು ತಾನೇ ಕೆಳದಿ ಮನೆತನದವನು ಅಂತ ಎದ್ದು ನಿಂತ. ಅವನ ಹತ್ತಿರ ಅರಮನೆ ಇರಲಿಲ್ಲ. ಹಳೇ ಅರಸರ ಮುದ್ರೆ ಇತ್ತು. ಆ ಮುದ್ರೆ ಒತ್ತಿದ ಕಾಗದ ಹಿಡಿದು ಜನ ಸೇರಿದರು. ಮಾರನೇ ವರ್ಷ ಬ್ರಿಟಿಷರು ಮೈಸೂರಿನ ಆಡಳಿತವನ್ನೇ ಒಡೆಯರ ಕೈಯಿಂದ ತೆಗೆದುಕೊಂಡರು. ಅದಕ್ಕಿದ್ದ ಕಾರಣಗಳಲ್ಲಿ ಈ ದಂಗೆ ದೊಡ್ಡದು.

ರಾಜರ ಕಾಲ ಹೋಯಿತಲ್ಲ ಅನ್ನಬೇಡಿ. ಸ್ವಾತಂತ್ರ್ಯ ಬಂದಾಗ ದೆಹಲಿಯ ವೈಸರಾಯ್ ಬಂಗಲೆಯನ್ನು ಆಸ್ಪತ್ರೆ ಮಾಡಿ ಅಂದವರು ಗಾಂಧೀಜಿ. ಯಾರೂ ಕೇಳಲಿಲ್ಲ. ಗವರ್ನರ್ ಜನರಲ್ ಆಗಿ ಅಲ್ಲಿಗೆ ಹೋದ ರಾಜಾಜಿಯವರು ವೈಸರಾಯ್ ಮಲಗುತ್ತಿದ್ದ ಭಾರೀ ಕೋಣೆ ಬೇಡವೆಂದು ಸಣ್ಣ ಕೋಣೆಗಳ ಕಡೆಗೆ ಸರಿದುಕೊಂಡರು. ಬೆಂಗಳೂರಿನಲ್ಲಿ ಕಬ್ಬನ್ ಪಾರ್ಕಿನ ಅಂಚಿನಲ್ಲಿ ಸರ್ಕಾರದ ಕಚೇರಿಗಳಿದ್ದ ಗಟ್ಟಿಯಾದ ಅಠಾರಾ ಕಚೇರಿ ಇತ್ತು, 1868ರದ್ದು. ಕೆಂಗಲ್ ಹನುಮಂತಯ್ಯನವರಿಗೆ ಅದು ಸಾಲಲಿಲ್ಲ. ಅದರ ಎದುರಿಗೇ, ರಸ್ತೆಯ ಆಚೆ, ಅದಕ್ಕಿಂತ ಎಷ್ಟೋ ಪಾಲು ದೊಡ್ಡ ವಿಧಾನಸೌಧ ಏಳಿಸಿದರು. 1956ರಲ್ಲಿ ಕೆಲಸ ಮುಗಿಯುವ ಹೊತ್ತಿಗೆ ಅವರು ಮುಖ್ಯಮಂತ್ರಿ ಆಗಿರಲಿಲ್ಲ, ಆ ಕಟ್ಟಡದ ಖರ್ಚಿನ ಗಲಾಟೆಯೂ ಅದಕ್ಕೊಂದು ಕಾರಣ. ಅಠಾರಾ ಕಚೇರಿ ಹೈಕೋರ್ಟಿನ ಪಾಲಾಯಿತು. 2023ರಲ್ಲಿ ವಿಧಾನಸೌಧದಲ್ಲೇ, ವಾಸ್ತು ಸರಿಯಿಲ್ಲ ಅಂತ ಮುಚ್ಚಿದ್ದ ಮುಖ್ಯಮಂತ್ರಿ ಕೊಠಡಿಯ ದಕ್ಷಿಣದ ಬಾಗಿಲನ್ನು ಆಗಷ್ಟೇ ಮುಖ್ಯಮಂತ್ರಿಯಾಗಿದ್ದ ಸಿದ್ದರಾಮಯ್ಯನವರು ತೆಗೆಸಿ, ಅದರಿಂದಲೇ ಒಳಗೆ ಹೋದರು. ಕಟ್ಟಡ ಬದಲಾಯಿಸುವ ಕಾಲ ಹೋಗಿ ಬಾಗಿಲು ಬದಲಾಯಿಸುವ ಕಾಲ ಬಂದಿದೆ, ಖರ್ಚು ಕಡಿಮೆ.

ಈಗ ನಮ್ಮೂರಿನ ಅರಮನೆ. ಇವತ್ತು ಬೆಳಿಗ್ಗೆ ಮತ್ತೆ ಹೋಗಿದ್ದೆ. ತುಂಗೆ ತುಂಬಿ ಹರಿಯುತ್ತಿದ್ದಾಳೆ. ಅಂಗಳದಲ್ಲಿ ತಂದು ನಿಲ್ಲಿಸಿದ ವೀರಗಲ್ಲುಗಳು ನೆನೆದು ಕಪ್ಪಾಗಿವೆ, ಒಳಗೆ ಬೀಟೆಯ ಕಂಬಗಳಿಗೆ ಮಳೆಗಾಲದ ತಂಪು. ಬೋರ್ಡಿನಲ್ಲಿ 'ಶಿವಪ್ಪನಾಯಕ ಅರಮನೆ'. ಶಿವಪ್ಪನಾಯಕ ಆಳಿದ್ದು 1645ರಿಂದ 1660. ಈ ಕಟ್ಟಡ ಅದಕ್ಕೆ ನೂರು ವರ್ಷದ ಮೇಲೆ, ಹೈದರನ ಕಾಲದಲ್ಲಿ ಎದ್ದದ್ದು ಎನ್ನುತ್ತಾರೆ ಇತಿಹಾಸಕಾರರು. ಹೈದರ್ ಸೋತವನ ಮನೆ ಬೇಡವೆಂದು ಕಟ್ಟಿಸಿಕೊಂಡ ಮನೆಗೆ ಊರು ಸೋತವನ ವಂಶದ ಹೆಸರನ್ನೇ ಕಟ್ಟಿತು. ಬಿದನೂರಿನಲ್ಲೂ ಅಷ್ಟೆ. ಅವನಿಟ್ಟ ಹೈದರ್ ನಗರದಲ್ಲಿ ಹೈದರ್ ಬಿದ್ದುಹೋಗಿ ನಗರ ಉಳಿಯಿತು. ನನ್ನ ಸ್ನೇಹಿತನ ಆರ್‌ಸಿಸಿ ಮನೆಗೆ ಈಗ ಊರಿನವರು ಏನನ್ನುತ್ತಾರೆ ಗೊತ್ತೇ? 'ಜೋಯಿಸರ ಹೊಸಮನೆ.'

ಮಾತು ಮುಗಿದ ಮೇಲೆ ಮುಂದಿನ ಸಾಲಿನ ಒಬ್ಬ ಅಮ್ಮ ಕೇಳಿದರು: 'ಮೇಷ್ಟ್ರೇ, ಗಂಡಸರು ಸಿಂಹಾಸನದ ಮನೆ ಬದಲಾಯಿಸಿದರು ಸರಿ. ಅಡುಗೆಮನೆ ಏನಾಯ್ತು?'

ನನ್ನ ಹತ್ತಿರ ಸಿದ್ಧ ಉತ್ತರ ಇರಲಿಲ್ಲ. ಕವಲೇದುರ್ಗದ ನೆನಪಾಯಿತು. ಏಳು ಸುತ್ತು ಹತ್ತಿದಂತೆ ಏದುಸಿರು ಬಿಟ್ಟು ಮೇಲೆ ಹೋದರೆ ಕೆಳದಿಯವರ ಅರಮನೆಯ ಅಡಿಪಾಯ ಇದೆ, ಮಾಡಿಲ್ಲ, ಗೋಡೆಯಿಲ್ಲ. ಅಡುಗೆಮನೆ ಇದ್ದ ಜಾಗದಲ್ಲಿ ಕಲ್ಲಿನ ಒಲೆ ಹಾಗೇ ಇದೆ, ಐದು ಕಣ್ಣಿನದು. ಕೊಂಡೊಯ್ಯಲಿಕ್ಕೆ ಭಾರ, ಕೆಡವಲಿಕ್ಕೆ ಯಾರಿಗೂ ಬೇಕಾಗಿರಲಿಲ್ಲ. ಹೋದ ಸಲ ನೋಡಿದಾಗ ಒಂದು ಕಣ್ಣಿನಲ್ಲಿ ಮಳೆನೀರು ನಿಂತು ಕಪ್ಪೆಮರಿಗಳು ಆಡುತ್ತಿದ್ದವು ಅಂದೆ. 'ಐದು ಕಣ್ಣಾ?' ಅಂದರು ಅವರು. 'ಹಾಗಾದ್ರೆ ದಿನಾ ನೂರು ಜನಕ್ಕಾದ್ರೂ ಅನ್ನ ಆಗ್ತಿತ್ತು.'